ಬಕ್ಲಾವಾ ಕೆಡಿಸಿದ ಕೈ

ರೋಣ
12 ಫೆಬ್ರುವರಿ 2024

ವಸೀಮ ಅವರಿಗೆ ಇಷ್ರತಳ ಸಲಾಂ.

ಮೊದಲು ಒಂದು ಸಂತೋಷದ ಸುದ್ದಿ. ಅಪ್ಪ ನಮಗೆ ಕಾಗದ ಬರೆಯಲು ಪರವಾನಗಿ ಕೊಟ್ಟಿದ್ದಾರೆ. ಫೋನಿಗೆ ಮಾತ್ರ ಇಲ್ಲ. "ನಿಖಾ ಆಗೂತನಕ ಫೋನ್ ಬ್ಯಾಡವಾ. ಫೋನಿನ್ಯಾಗ ಬಾಯಿಗೆ ಬಂದದ್ದು ಆಡ್ತಾರ. ಕಾಗದದಾಗ ಮನಷ್ಯಾ ವಿಚಾರ ಮಾಡಿ ಬರೀತಾನ" ಎಂದರು. ಗಾದಿ ಅಂಗಡಿಯಲ್ಲಿ ಅರಳೆ ಹಿಂಜುತ್ತ ಕೂತಾಗ ನಮ್ಮಪ್ಪನಿಗೆ ಇಂಥ ವಿಚಾರಗಳು ಹೊಳೆಯುತ್ತವೆ. "ಈಗಿನ ಕಾಲದಾಗ ಯಾರು ಕಾಗದ ಬರೀತಾರ್ರಿ" ಎಂದು ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಹಾಗಾಗಿ ಬಿ.ಎ. ಪರೀಕ್ಷೆ ಬರೆದ ಪೆನ್ನು ಹುಡುಕಿಕೊಂಡು ಕೂತಿದ್ದೇನೆ. ತಪ್ಪಿದ್ದರೆ ಅಂಕ ಕಳೆಯಬೇಡಿ.

ನಿಶ್ಚಯದ ದಿನ ನೀವು ದೋಹಾದಿಂದ ತಂದ ಬಕ್ಲಾವಾ ನನ್ನ ಪಾಲಿಗೆ ಒಂದೇ ತುಂಡು ಬಂತು. ಉಳಿದದ್ದು ಗಂಡಸರ ಕಡೆಯೇ ಖಾಲಿಯಾಯಿತು. ಹಲ್ಲಿಗೆ ಸಿಕ್ಕ ಕೂಡಲೇ ಪದರು ಕರಕರ ಒಡೆದು ಒಳಗಿನಿಂದ ಪಾಕ ಇಳಿಯಿತು. ನಮ್ಮ ಚಿರೋಟಿಯಲ್ಲಿ ಪದರಿದೆ, ಜಿಲೇಬಿಯಲ್ಲಿ ಪಾಕವಿದೆ, ಆದರೆ ಎರಡೂ ಒಂದೇ ತುಂಡಿನಲ್ಲಿ ಜಗಳವಾಡದೆ ಇರುವುದನ್ನು ನಾನು ಅಂದೇ ಕಂಡದ್ದು. "ತುರ್ಕಿಯವರ ಮಿಠಾಯಿ, ನಾನs ಮಾಡಿದ್ದು" ಎಂದು ನೀವು ಎಲ್ಲರೆದುರು ಹೇಳಿದಾಗ ಪರದೆಯ ಆಚೆ ಕೂತಿದ್ದ ನಾನು ಎಷ್ಟು ಉಬ್ಬಿದೆನೆಂದರೆ ಕಾಶಿಬಾಯಿ ನನ್ನ ತೊಡೆ ಚಿವುಟಿದರು. ಕಾಶಿಬಾಯಿ ನಮ್ಮ ಪಕ್ಕದ ಮನೆಯವರು. ಊರವರ ಮದುವೆಗಳಿಗೆ ಉಂಡಿ, ಚಕ್ಕುಲಿ ಮಾಡಿಕೊಡುತ್ತಾರೆ. ಅವರ ಬಾಯಿಂದ ಹೊಗಳಿಕೆ ಸುಲಭಕ್ಕೆ ಬೀಳುವುದಿಲ್ಲ. ಅವರೂ "ಹುಡುಗನ ಕೈ ಚಲೋ ಐತಿ" ಎಂದರು.

ಈಗ ಕೆಲಸದ ಮಾತು. ನಿಮ್ಮ ಅವ್ವ, ಖಾಜಾಬಿ ಅತ್ತೆ, ಗಜೇಂದ್ರಗಡಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು ಏನು ಹೇಳಿದರು ಗೊತ್ತೇ? "ಮದಲನೇ ಈದಿಗೆ ಹುಡುಗಿ ಮನಿಯಿಂದ ಸಿಹಿ ಬರೂದು ಪದ್ಧತಿ. ಶ್ಯಾವಿಗಿ ಸುರಕುಂಬಾ ಎಲ್ಲಾರೂ ಮಾಡ್ತಾರ. ನನ್ನ ಮಗಾ ಮಾಡೂ ಮಿಠಾಯಿನ ನನ್ನ ಸೊಸಿ ಆಗಾಕಿ ತನ್ನ ಕೈಯಾರೆ ಮಾಡಿ ಕಳಸಲಿ. ಕೈಗುಣ ನೋಡಿ ಆಮ್ಯಾಲ ತಾರೀಖು ಹಿಡಿಯೂಣು." ಅವ್ವನ ಮುಖ ಸಣ್ಣಗಾಯಿತು. ನನಗೆ ಮಾತ್ರ ಹೆದರಿಕೆಯಿಲ್ಲ. ಮಾಡುವವರೇ ನನ್ನ ಕಡೆ ಇದ್ದಾರಲ್ಲ. ವಿಧಾನವನ್ನು ಒಂದೂ ಬಿಡದೆ ಬರೆದು ಕಳಿಸಿ. ಹಾಳೆ ಲಟ್ಟಿಸುವುದು ನನಗೆ ಕಷ್ಟವಾಗದು, ನಾನು ಅವ್ವನೊಡನೆ ಹಪ್ಪಳ ಲಟ್ಟಿಸುತ್ತಲೇ ಬೆಳೆದವಳು.

ನಿಮ್ಮ ಕಾಗದದ ದಾರಿ ಕಾಯುವ,
ಇಷ್ರತ

*

ದೋಹಾ
1 ಮಾರ್ಚ್ 2024

ಪ್ರೀತಿಯ ಇಷ್ರತ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೋಣೆಯಲ್ಲಿ ನಮ್ಮ ಕಡೆಯವನೇ ಆದ ಸಾಜೀದ ಇದ್ದಾನೆ, "ಏನಪಾ, ಈ ಕಾಲದಾಗ ಟಪಾಲ?" ಎಂದು ಆಡಿಕೊಂಡ. ಅವನಿಗೇನು ಗೊತ್ತು.

ನಮ್ಮ ಮಿಠಾಯಿ ಕಾರಖಾನೆ ದೊಡ್ಡದು. ತುರ್ಕಿಯಿಂದ ಬಂದ ಉಸ್ತಾದ ಒಬ್ಬನಿದ್ದಾನೆ, ಮೀಸೆಯವನು, ಮಾತು ಕಡಿಮೆ. ಅವನು ಹಾಳೆ ಲಟ್ಟಿಸಿದರೆ ಕೆಳಗಿಟ್ಟ ಕೈಯ ಉಗುರು ಕಾಣುತ್ತದೆ. ಆ ಉಸ್ತಾದ ತನ್ನ ಪಕ್ಕದಲ್ಲಿ ನಿಲ್ಲಲು ಯಾರನ್ನೂ ಬಿಡುವುದಿಲ್ಲ, ನನ್ನನ್ನು ಬಿಟ್ಟ. ಈಗ ನನ್ನ ಅಂಗಿಗೆಲ್ಲ ತುಪ್ಪದ ವಾಸನೆ. ಸಂಜೆ ಬಸ್ಸಿನಲ್ಲಿ ಕೂತರೆ ಪಕ್ಕದವರು ತಿರುಗಿ ನೋಡುತ್ತಾರೆ.

ವಿಧಾನ ಹೇಳುತ್ತೇನೆ, ಕೇಳು. ಮೈದಾ ಹಿಟ್ಟನ್ನು ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಇಡು. ಸಣ್ಣ ಉಂಡೆ ಮಾಡಿ, ಕಾರ್ನ್‌ಫ್ಲೋರ್ ಉದುರಿಸುತ್ತ ತೆಳ್ಳಗೆ ಲಟ್ಟಿಸು. ತಟ್ಟೆಗೆ ತುಪ್ಪ ಸವರಿ ಹಾಳೆಯ ಮೇಲೆ ಹಾಳೆ ಹಾಸು, ನಡುನಡುವೆ ತುಪ್ಪ. ಅರ್ಧದಷ್ಟು ಹಾಳೆಗಳು ಆದ ಮೇಲೆ ಕುಟ್ಟಿದ ಪಿಸ್ತಾ ಹರಡಿ ಮತ್ತೆ ಹಾಳೆ ಹಾಸು. ಭಟ್ಟಿಗೆ ಇಟ್ಟು ಹೊಂಬಣ್ಣ ಬರುವ ತನಕ ಬೇಯಿಸು. ಹೊರಗೆ ತೆಗೆದು ಪಾಕ ಸುರಿ. ಪೂರ್ತಿ ಆರಿದ ಮೇಲೆ ಚಾಕುವಿನಿಂದ ತುಂಡು ಕೊಯ್ಯಿ, ನಮ್ಮ ಬರ್ಫಿ ಕೊಯ್ಯುವ ಹಾಗೆಯೇ. ಮೇಲೆ ಪಿಸ್ತಾ ಪುಡಿ ಉದುರಿಸು. ಅಷ್ಟೇ. ಮೊಬೈಲಿನಲ್ಲಿ ಅದೂ ಇದೂ ನೋಡಿ ತಲೆ ಕೆಡಿಸಿಕೊಳ್ಳಬೇಡ. ಅವರೆಲ್ಲ ಅಂಗಡಿಯಿಂದ ತಂದ ಹಾಳೆಯಲ್ಲಿ ಆಟ ಆಡುವವರು. ನಾನು ಹೇಳಿದಂತೆ ಮಾಡು.

ಅವ್ವ ನಿನ್ನ ಕೈರುಚಿ ನೋಡಿ ಬೆರಗಾಗುತ್ತಾಳೆ, ನೋಡುತ್ತಿರು.

ನಿನ್ನ,
ವಸೀಮ

*

ರೋಣ
14 ಏಪ್ರಿಲ್ 2024

ವಸೀಮ ಅವರಿಗೆ ಸಲಾಂ. ಈದ್ ಮುಬಾರಕ್, ತಡವಾಗಿ.

ಸುತ್ತಿ ಬಳಸಿ ಹೇಳುವುದಿಲ್ಲ. ಬಕ್ಲಾವಾ ಕೆಟ್ಟುಹೋಯಿತು.

ರಂಜಾನಿನ ರೋಜಾ ದಿನಗಳಲ್ಲೇ ಎರಡು ಸಲ ಮಾಡಿ ನೋಡಿದ್ದೆ. ಬಸ್ ಸ್ಟ್ಯಾಂಡ್ ಹಿಂದಿನ ಬೇಕರಿಯ ಮೈನುದ್ದೀನ ಕಾಕಾ ತಮ್ಮ ಬ್ರೆಡ್ ಇಳಿಸಿದ ಮೇಲೆ ನನಗೆ ಭಟ್ಟಿ ಬಿಟ್ಟುಕೊಟ್ಟರು. ಹಾಳೆ ಒಂದೂ ಹರಿಯಲಿಲ್ಲ. ಹೊಂಬಣ್ಣವೂ ಬಂತು. ಕಾಕಾ "ವಾಹ್" ಎಂದರು. ಪಾಕ ಸುರಿದೆ. ಆರಿದ ಮೇಲೆ ಚಾಕು ಇಟ್ಟರೆ ಮೇಲಿನ ಹಾಳೆಗಳು ಚೂರುಚೂರಾಗಿ ಹಾರಿ ನನ್ನ ದುಪಟ್ಟಾದ ಮೇಲೆಲ್ಲ ಬಿದ್ದವು. ಅಂಚಿನದು ಪಾಕದಲ್ಲಿ ನೆನೆದು ಮುದ್ದೆ, ನಡುವಿನದು ಪಾಕವನ್ನೇ ಕಾಣದ ಒಣ ಹಾಳೆ. ಚಾಕು ಮೊಂಡಾಗಿರಬೇಕೆಂದು ಹರಿತ ಮಾಡಿಸಿದೆ. ಎರಡನೇ ಸಲವೂ ಅದೇ ಹಾಡು. "ಮೊಬೈಲ್ ನೋಡಿ ಮಾಡವಾ" ಎಂದರು ಕಾಕಾ. ನಾನು ನೋಡಲಿಲ್ಲ. ನೀವು ಕೈಯಾರೆ ಬರೆದುಕೊಟ್ಟದ್ದು ಇರುವಾಗ ಬೇರೆಯವರದನ್ನು ನೋಡಲು ಮನಸ್ಸಾಗಲಿಲ್ಲ.

ಈದಿಗೆ ಮೂರನೆಯ ತಟ್ಟೆ. ಅದೂ ಹಾಗೇ ಆಯಿತು. ಬೇರೆ ಮಾಡಲು ಪಿಸ್ತಾ ಇರಲಿಲ್ಲ, ವೇಳೆಯೂ ಇರಲಿಲ್ಲ. ಸಾಧ್ಯವಾದಷ್ಟು ಒಪ್ಪವಾಗಿ ಜೋಡಿಸಿ ಕೊಟ್ಟೆ. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದರು.

ಅಲ್ಲಿ ನಡೆದದ್ದನ್ನು ಅಪ್ಪ ಹೇಳಲಿಲ್ಲ, ಜೊತೆಗೆ ಹೋದ ಸೋದರಮಾವ ಹೇಳಿದರು. ನಿಮ್ಮ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರಂತೆ. ಅತ್ತೆ ಎಲ್ಲರೆದುರು ಮುಚ್ಚಳ ತೆಗೆದು, ಬೆರಳಿನಿಂದ ಕೆದಕಿ, "ಏನ್ರಿ ಇದು, ತಿಂದು ಬಿಟ್ಟದ್ದು ಇದ್ದಾಂಗ ಐತಿ. ಹುಡುಗಿ ಕೈಗುಣ ಬರೋಬ್ಬರಿ ಇಲ್ಲ ಬಾಷಾಸಾಬ" ಎಂದರಂತೆ. ಅಪ್ಪ ಅಲ್ಲೇ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡು "ರುಚಿ ಚಲೋ ಐತ್ರಿ" ಎಂದರಂತೆ. ಬೇರೆ ಯಾರೂ ಮುಟ್ಟಲಿಲ್ಲ. ತಾರೀಖಿನ ಮಾತು ಬರಲಿಲ್ಲ.

ನಾನು ಎಲ್ಲಿ ತಪ್ಪಿದೆ, ದಯಮಾಡಿ ಹೇಳಿ. ಮತ್ತು ಅತ್ತೆಗೆ ಒಂದು ಮಾತು ಹೇಳಿ, ಹೊಸಬರಿಗೆ ಮೊದಮೊದಲು ಹೀಗಾಗುತ್ತದೆ ಎಂದು. ನೀವು ಹೇಳಿದರೆ ಅವರು ನಂಬುತ್ತಾರೆ.

ನಿಮ್ಮ,
ಇಷ್ರತ

*

ದೋಹಾ
9 ಮೇ 2024

ಪ್ರೀತಿಯ ಇಷ್ರತ,

ಇಷ್ಟಕ್ಕೆಲ್ಲ ಕಣ್ಣೀರು ಹಾಕುತ್ತಾರೆಯೇ? ನೀನು ಅತ್ತದ್ದನ್ನು ಬರೆದಿಲ್ಲ, ಆದರೆ ಕಾಗದದ ಮೂಲೆಯಲ್ಲಿ ಶಾಯಿ ಹರಡಿತ್ತು.

ನನ್ನ ಕೈಯಲ್ಲಿ ಒಮ್ಮೆಯೂ ಹಾಗಾಗಿಲ್ಲ, ಆದ್ದರಿಂದ ಎಲ್ಲಿ ತಪ್ಪಿತೆಂದು ಇಲ್ಲಿಂದ ಹೇಳುವುದು ಕಷ್ಟ. ಬ್ರೆಡ್ಡಿನ ಭಟ್ಟಿಯಲ್ಲವೇ, ಶಾಖ ಒಂದೇ ಸಮ ಇರುವುದಿಲ್ಲ. ನೀನು ಅವಸರವನ್ನೂ ಮಾಡಿರಬೇಕು. ಕೊಯ್ಯುವಾಗ ಕೈ ನಡುಗಬಾರದು, ಒಂದೇ ಏಟಿಗೆ ಇಳಿಯಬೇಕು. ಹೆಣ್ಣುಮಕ್ಕಳಿಗೆ ಅದು ಬರಲು ಸ್ವಲ್ಪ ದಿನ ಬೇಕು.

ಅವ್ವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಳೇ ಕಾಲದವಳು, ಆಡುತ್ತಾಳೆ, ಮರೆಯುತ್ತಾಳೆ. ಫೋನಿನಲ್ಲಿ ಸಮಯ ನೋಡಿ ಹೇಳುತ್ತೇನೆ. ಬಕ್ರೀದಿಗೆ ಇನ್ನೊಂದು ತಟ್ಟೆ ಮಾಡಿ ಕಳಿಸು, ಎಲ್ಲ ಸರಿಹೋಗುತ್ತದೆ. ಇಲ್ಲಿ ಕೆಲಸ ಬಹಳ. ಉಸ್ತಾದ ನನ್ನ ಮೇಲೆಯೇ ಎಲ್ಲ ಬಿಟ್ಟಿದ್ದಾನೆ.

ನಿನ್ನ,
ವಸೀಮ

*

ರೋಣ
25 ಜೂನ್ 2024

ವಸೀಮ ಅವರಿಗೆ,

ಬಕ್ರೀದಿಗೂ ಕೆಟ್ಟಿತು. ಈ ಸಲ ಕೈ ನಡುಗಲಿಲ್ಲ. ಒಂದೇ ಏಟಿಗೆ ಇಳಿಸಿದೆ, ಒಂದೇ ಏಟಿಗೆ ಪುಡಿಯಾಯಿತು. ಗಜೇಂದ್ರಗಡಕ್ಕೆ ಕಳಿಸಬೇಡವೆಂದು ಅಳುತ್ತ ಕೂತೆ. ಅವ್ವ ಬರಿಗೈಯಲ್ಲಿ ಕಳಿಸಲಾಗದು ಎಂದು ಅಂಗಡಿಯ ಪೇಢೆ ಕೊಟ್ಟು ಕಳಿಸಿದಳು. ಅತ್ತೆ ಪೇಢೆ ನೋಡಿ ನಕ್ಕರಂತೆ. ಆ ನಗು ರೋಣದ ತನಕ ಬಂತು.

ನಿಮಗೆ ಇದು ಸಣ್ಣ ಮಾತು ಅನ್ನಿಸಬಹುದು. ಇಲ್ಲಿ ಹೇಗಿದೆ ಹೇಳುತ್ತೇನೆ. ಹೋದ ವಾರ ಬೆಳವಣಕಿಯಲ್ಲಿ ಸೋದರಮಾವನ ಮಗಳ ಮದುವೆ. ಹೆಂಗಸರೆಲ್ಲ ಕೂತು ಹಿಟ್ಟು ನಾದುತ್ತಿದ್ದರು, ನಾನೂ ತೋಳು ಮಡಚಿ ಕೂತೆ. ದೊಡ್ಡಮ್ಮ ಬಂದು ಮೆತ್ತಗೆ, "ನೀ ಏಳವಾ, ನೀ ಹೂವು ಕಟ್ಟು ಹೋಗು" ಎಂದರು. ಎಲ್ಲರೂ ತಲೆ ತಗ್ಗಿಸಿ ಹಿಟ್ಟನ್ನೇ ನೋಡುತ್ತಿದ್ದರು. ಹೂವು ಕಟ್ಟುವುದರಲ್ಲಿ ತಪ್ಪೇನಿಲ್ಲ. ಆದರೆ ಎದ್ದು ಹೋಗುವಾಗ ನನ್ನ ಕೈಗಳನ್ನು ಎಲ್ಲಿಡಬೇಕು ಎಂದೇ ತಿಳಿಯಲಿಲ್ಲ. ಈಗ ಮನೆಯಲ್ಲೂ ಅವ್ವ ಉಪ್ಪಿನಕಾಯಿ ಜಾಡಿಯನ್ನು ನನ್ನಿಂದ ಮುಟ್ಟಿಸುವುದಿಲ್ಲ. ಬೇಕೆಂದು ಮಾಡುವುದಿಲ್ಲ ಪಾಪ, ಮರೆತವಳಂತೆ ತಾನೇ ಎದ್ದು ಹೋಗುತ್ತಾಳೆ.

ನಾನೂ ನಂಬತೊಡಗಿದ್ದೇನೆ, ಅದೇ ನನಗೆ ಹೆದರಿಕೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ರೊಟ್ಟಿ ಹರಿದರೆ ನನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತೇನೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ವಿಧಾನ ಬರೆಯುವಾಗ ಏನಾದರೂ ಬಿಟ್ಟುಹೋಗಿರಬಹುದೇ? ದಿನವೂ ಮಾಡುವವರಿಗೆ ಕೆಲವು ಸಂಗತಿ ಹೇಳಬೇಕೆಂದೇ ನೆನಪಾಗುವುದಿಲ್ಲ. ಇನ್ನೊಮ್ಮೆ ನೋಡಿ ಬರೆಯಿರಿ.

ಇಷ್ರತ

*

ದೋಹಾ
20 ಜುಲೈ 2024

ಇಷ್ರತ,

ನಾನು ಬರೆದದ್ದರಲ್ಲಿ ತಪ್ಪು ಹುಡುಕುವ ಮಟ್ಟಕ್ಕೆ ಬಂದೆಯಾ? ಇಷ್ಟು ವರ್ಷ ಪರದೇಶದಲ್ಲಿ ಬೆವರು ಸುರಿಸಿದವನಿಗೆ ರೋಣದಲ್ಲಿ ಕೂತು ಪಾಠ ಹೇಳುತ್ತೀಯಾ? ನಾನು ಏನೂ ಬಿಟ್ಟಿಲ್ಲ. ಇಲ್ಲಿ ತಟ್ಟೆ ನಮ್ಮ ಮೇಜಿಗೆ ಬರುವಾಗ ಒಂದೊಂದು ತುಂಡೂ ಬಿಡಿಬಿಡಿಯಾಗಿ ಕೂತಿರುತ್ತದೆ, ಎತ್ತಿ ಡಬ್ಬಿಗೆ ಇಡುವುದಷ್ಟೇ ಬಾಕಿ. ವಿಧಾನ ತಪ್ಪಿದ್ದರೆ ಇದು ಹೇಗೆ ಸಾಧ್ಯ?

ಎಲ್ಲರ ಕೈಗೂ ಎಲ್ಲವೂ ಒಲಿಯುವುದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇನ್ನು ಆ ಗೊಡವೆಗೇ ಹೋಗಬೇಡ. ಮದುವೆಯಾದ ಮೇಲೆ ಮನೆಯಲ್ಲಿ ಬಕ್ಲಾವಾ ಬೇಕಾದರೆ ನಾನು ಮಾಡುತ್ತೇನೆ, ನೀನು ರೊಟ್ಟಿ ಮಾಡು. ಅವ್ವನ ಹತ್ತಿರ ಮಾತಾಡುವುದನ್ನು ನನಗೆ ಬಿಡು.

ವಸೀಮ

*

ರೋಣ
6 ನವೆಂಬರ್ 2024

ವಸೀಮ ಅವರಿಗೆ ಸಲಾಂ.

ಬಹಳ ದಿನ ಬರೆಯಲಿಲ್ಲ. ನಿಮ್ಮ ಜುಲೈ ಕಾಗದ ಬಂದ ಮೇಲೆ ಬರೆಯಲು ಮನಸ್ಸೇ ಬರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇವತ್ತು ಮಾತ್ರ ಬರೆಯದೆ ಇರಲಾರೆ. ಬಕ್ಲಾವಾ ಆಯಿತು!

ದೀಪಾವಳಿಗೆ ಕಾಶಿಬಾಯಿಗೆ ಕೈ ತುಂಬ ಕೆಲಸ. ನನ್ನನ್ನು ಕರೆದರು. "ನನ್ನ ಕೈಗುಣ ಸರಿ ಇಲ್ಲರಿ" ಎಂದೆ. "ನಿನ್ನ ತಲಿ ಸರಿ ಇಲ್ಲ, ಬಾ ಇತ್ತಾಗ" ಎಂದು ಎಳೆದುಕೊಂಡು ಹೋಗಿ ಶಂಕರಪಾಳಿ ಕೊಯ್ಯಲು ಕೂರಿಸಿದರು. ಹಿಟ್ಟು ಲಟ್ಟಿಸಿ, ಗೀರು ಎಳೆದು, ತುಂಡು ಬಿಡಿಸಿ ಕೊಡುತ್ತಿದ್ದೆ, ಅವರು ಎಣ್ಣೆಗೆ ಬಿಡುತ್ತಿದ್ದರು. ನಡುವೆ ಒಂದು ಹಾಳೆಯನ್ನು ಕೊಯ್ಯದೆ ಹಾಗೇ ಬಾಣಲೆಯತ್ತ ಚಾಚಿದೆ, ಮನಸ್ಸು ಎಲ್ಲೋ ಇತ್ತು. ಕಾಶಿಬಾಯಿ ಬೈದರು. "ಹುಚ್ಚಿ, ಕರದ ಮ್ಯಾಲ ಕೊಯ್ದರ ಪುಡಿ ತಿನ್ನಬೇಕಾಗ್ತೈತಿ." ಪುಡಿ! ನನ್ನ ಎಲ್ಲ ತಟ್ಟೆಗಳ ಪುಡಿ ಕಣ್ಣ ಮುಂದೆ ಬಂತು.

ಮರುದಿನವೇ ಮಾಡಿದೆ. ಭಟ್ಟಿಗೆ ಇಡುವ ಮೊದಲು, ಹಸಿ ಇರುವಾಗಲೇ ತಳದ ತನಕ ಕೊಯ್ದೆ. ಆಮೇಲೆ ಬೇಯಿಸಿದೆ. ಪಾಕ ಸುರಿದಾಗ ಗೀರುಗಳಲ್ಲಿ ಇಳಿದು ಪ್ರತಿಯೊಂದು ತುಂಡಿನ ಒಳಗೂ ಹೋಯಿತು. ಪಿಸ್ತಾ ಇರಲಿಲ್ಲ, ಹುರಿದ ಶೇಂಗಾ ಹಾಕಿದ್ದೆ. ನಕ್ಕರೆ ನಗಿ. ಅಪ್ಪ ಒಂದು ತುಂಡು ತಿಂದು, ಇನ್ನೊಂದು ತೆಗೆದುಕೊಂಡರು. ಅವ್ವ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಾನು ಇಷ್ಟು ಜೋರಾಗಿ ಅತ್ತದ್ದು ಇದೇ ಮೊದಲು.

ಆಮೇಲೆ ಕಾಶಿಬಾಯಿಯ ಮೊಬೈಲಿನಲ್ಲಿ ನೋಡಿದೆ. ಜಗತ್ತಿನಲ್ಲಿ ಬಕ್ಲಾವಾ ಮಾಡುವವರೆಲ್ಲ ಮೊದಲೇ ಕೊಯ್ಯುತ್ತಾರೆ. ನೀವೂ ಹಾಗೇ ಮಾಡುತ್ತಿರುತ್ತೀರಿ, ಬರೆಯುವಾಗ ನಮ್ಮ ಬರ್ಫಿ ನೆನಪಾಗಿ ಹಿಂದುಮುಂದಾಗಿರಬೇಕು. ಇರಲಿ, ನನಗೆ ಸಿಟ್ಟಿಲ್ಲ. ಒಂದೇ ಒಂದು ಕೆಲಸ ಮಾಡಿ. ಅತ್ತೆಗೆ ಫೋನ್ ಮಾಡಿ, "ತಪ್ಪು ನನ್ನದು, ನಾ ಬರದದ್ದು ತಪ್ಪಿತ್ತು" ಎಂದು ಹೇಳಿಬಿಡಿ. ಡಿಸೆಂಬರಿನಲ್ಲಿ ಅವರು ನಮ್ಮ ಮನೆಗೆ ಬರುತ್ತಾರಂತೆ. ಅಷ್ಟರೊಳಗೆ ಅವರ ಕಿವಿಗೆ ಅದು ಬೀಳಲಿ. ನಾನು ಹೇಳಿದರೆ ನೆಪ ಅನ್ನುತ್ತಾರೆ. ನೀವು ಹೇಳಿದರೆ ನಾನು ಮತ್ತೆ ಹೆಂಗಸರ ನಡುವೆ ಹಿಟ್ಟಿಗೆ ಕೈ ಹಾಕಬಹುದು.

ನಿಮ್ಮ,
ಇಷ್ರತ

*

ದೋಹಾ
30 ನವೆಂಬರ್ 2024

ಇಷ್ರತ,

ಸಾಜೀದ ಹೇಳಿದನಲ್ಲವೇ? ಅಕ್ಟೋಬರಿನಲ್ಲಿ ರಜೆಗೆ ಊರಿಗೆ ಬಂದವನು ರೋಣಕ್ಕೂ ಬಂದಿರಬೇಕು. ನೀನು ಎಷ್ಟು ಜಾಣತನದಿಂದ ಬರೆದಿದ್ದೀ, ಸಿಟ್ಟಿಲ್ಲವೆಂದು ಹೇಳಿ ಹೇಳಿ ಚುಚ್ಚಿದ್ದೀ. ಶಂಕರಪಾಳಿಯ ಕಥೆ ಬೇಕಾಗಿರಲಿಲ್ಲ. ನೇರವಾಗಿಯೇ ಕೇಳಬಹುದಿತ್ತು.

ಹೌದು, ನಾನು ಡಬ್ಬಿ ಕಟ್ಟುವವನು. ಮೊದಲ ದಿನದಿಂದಲೂ ಅದೇ ಕೆಲಸ. ಉಸ್ತಾದ ಇರುವ ಕೋಣೆಗೆ ನಮ್ಮನ್ನು ಬಿಡುವುದಿಲ್ಲ, ಗಾಜಿನ ಆಚೆಯಿಂದ ಕಾಣುತ್ತದೆ ಅಷ್ಟೇ. ಡಬ್ಬಿ ಕಟ್ಟುವುದೂ ಕೆಲಸವೇ, ಕಳ್ಳತನವಲ್ಲ. ನಿಶ್ಚಯದ ದಿನ ಎಲ್ಲರೂ ಕೇಳಿದಾಗ ಬಾಯಿಂದ ಒಂದು ಮಾತು ಜಾರಿತು. ಅವ್ವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಆ ಮೇಲೆ ಹಿಂದೆ ತೆಗೆದುಕೊಳ್ಳುವುದು ಹೇಗೆ?

ಬಕ್ರೀದಿನ ನಿನ್ನ ಕಾಗದ ಬಂದ ಮೇಲೆ ಉಸ್ತಾದ ಹೊರಗೆ ಬಂದಾಗ ಹಿಡಿದು ಕೇಳಿದೆ. ಅವನು ಕೈಸನ್ನೆಯಲ್ಲೇ ಮೊದಲು ಕೊಯ್ದು ತೋರಿಸಿ, ಆಮೇಲೆ ಭಟ್ಟಿ ತೋರಿಸಿದ. ನಕ್ಕ. ಅವತ್ತೇ ನನಗೆ ಗೊತ್ತಾಯಿತು. ಬರೆಯಬೇಕೆಂದು ಪೆನ್ನು ಹಿಡಿದೆ, ಸತ್ಯವಾಗಿ ಹೇಳುತ್ತೇನೆ. ಆದರೆ ಅದೊಂದು ಬರೆದರೆ ಎಲ್ಲವೂ ಹೊರಬೀಳುತ್ತಿತ್ತು.

ಅವ್ವನಿಗೆ ಮಾತ್ರ ತಿಳಿಸಬೇಡ, ನಿನಗೆ ಕೈ ಮುಗಿಯುತ್ತೇನೆ. ಅವಳು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದಾಳೆ. ಮದುವೆಗೆ ತೊಂದರೆಯಿಲ್ಲ. ನಾನು ಈಗಾಗಲೇ ಅವಳಿಗೆ "ಇಷ್ರತಳ ಕೈಗುಣ ಹ್ಯಾಂಗರ ಇರಲಿ, ನಾ ಹೊಟ್ಟಿಗೆ ಹಾಕ್ಕೋತೀನಿ, ನನಗ ಆಕಿನs ಬೇಕು" ಎಂದು ಹೇಳಿ ಒಪ್ಪಿಸಿದ್ದೇನೆ. ತಾರೀಖು ಹಿಡಿಯಲೆಂದೇ ಬರುತ್ತಿದ್ದಾಳೆ. ಫೆಬ್ರುವರಿಯಲ್ಲಿ ನಾನು ಬರುತ್ತೇನೆ. ಎಲ್ಲ ಮರೆತುಬಿಡೋಣ.

ವಸೀಮ

*

ರೋಣ
22 ಡಿಸೆಂಬರ್ 2024

ವಸೀಮ ಅವರಿಗೆ,

ಸಾಜೀದನ ಮುಖವನ್ನೂ ನಾನು ಕಂಡಿಲ್ಲ. ರೋಣಕ್ಕೆ ಯಾರೂ ಬಂದಿಲ್ಲ, ಯಾರೂ ಹೇಳಿಲ್ಲ. ನೀವು ಒಂದು ಮಾತು ಮರೆತಿದ್ದೀರಿ ಎಂದೇ ನಾನು ನಂಬಿದ್ದೆ. ನನ್ನ ಕಾಗದದಲ್ಲಿ ಚುಚ್ಚುವ ಮುಳ್ಳು ಇರಲಿಲ್ಲ, ಅದನ್ನು ನೀವೇ ಹುಡುಕಿಕೊಂಡಿರಿ. ನಿಮ್ಮ ಜುಲೈ ಕಾಗದವನ್ನು ಈಗ ಮತ್ತೆ ಓದಿದೆ. ತಟ್ಟೆ ನಿಮ್ಮ ಮೇಜಿಗೆ ಬರುತ್ತದೆ, ಎತ್ತಿ ಡಬ್ಬಿಗೆ ಇಡುವುದಷ್ಟೇ. ಅಲ್ಲೇ ಇತ್ತು. ನಾನು ಪ್ರೀತಿಯಿಂದ ಓದುವವಳು, ಕಾಣಲಿಲ್ಲ.

ಡಬ್ಬಿ ಕಟ್ಟುವವರ ಬಗ್ಗೆ ನನಗೆ ಏನು ತಾತ್ಸಾರ ಇರಲು ಸಾಧ್ಯ? ನಮ್ಮಪ್ಪ ಜನರ ಹಳೇ ಗಾದಿ ಬಿಚ್ಚಿ, ಅವರ ಧೂಳು ಕುಡಿದು ನನ್ನನ್ನು ಓದಿಸಿದವರು. ನಿಶ್ಚಯದ ದಿನದ ಜಂಬವನ್ನೂ ನಾನು ನಕ್ಕು ಮರೆಯುತ್ತಿದ್ದೆ. ಜುಲೈಯನ್ನು ಮರೆಯಲಾರೆ. ತಪ್ಪು ಯಾರದೆಂದು ತಿಳಿದ ಮೇಲೆ ನೀವು ಪೆನ್ನು ಹಿಡಿದು, ಎಲ್ಲರ ಕೈಗೂ ಎಲ್ಲವೂ ಒಲಿಯುವುದಿಲ್ಲ ಎಂದು ನನಗೆ ಬರೆದಿರಿ. ನಾನು ಆಗ ನನ್ನ ಕೈಗಳನ್ನೇ ದ್ವೇಷಿಸುತ್ತ ಕೂತಿದ್ದೆ, ಅದನ್ನು ನಾನೇ ನಿಮಗೆ ಬರೆದಿದ್ದೆ. ಈಗ ನನ್ನ ಕೈಗುಣವನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೀರಂತೆ. ಇದನ್ನು ಓದಿದಾಗ ನನಗೆ ಬಂದದ್ದು ಅಳುವಲ್ಲ, ಹೇಸಿಗೆ.

ಅತ್ತೆ ಬಂದಿದ್ದರು. ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿ.

ನಿಮ್ಮ ಕಾಗದವನ್ನು ನಾನು ಯಾರಿಗೂ ತೋರಿಸಿಲ್ಲ. ತೋರಿಸಬಹುದಿತ್ತು. ತೋರಿಸಿದ್ದರೆ ಏನಾಗುತ್ತಿತ್ತೆಂದು ಬಹಳ ಯೋಚಿಸಿದೆ. ಅತ್ತೆ ಮೊದಲು ಕೂಗಾಡುತ್ತಿದ್ದರು, ಆಮೇಲೆ ಅಳುತ್ತಿದ್ದರು. ಸೋದರಮಾವ, "ಗಂಡಸು ನಾಕ ಮಂದ್ಯಾಗ ಒಂದ ಮಾತು ಹೆಚ್ಚು ಆಡ್ತಾನವಾ, ಅದಕ್ಕೇನಾತು" ಎನ್ನುತ್ತಿದ್ದರು. ಅವ್ವ, ನನ್ನ ಕೈಯ ಮೇಲಿನ ಮಾತು ಹೋಯಿತಲ್ಲ, ಸಾಕು ಎನ್ನುತ್ತಿದ್ದಳು. ಸಂಜೆಯೊಳಗೆ ಎಲ್ಲರೂ ನಗುತ್ತ ಚಹಾ ಕುಡಿದು ತಾರೀಖು ಹಿಡಿಯುತ್ತಿದ್ದರು. ಹುಡುಗ ಸುಳ್ಳು ಹೇಳಿದನೆಂದು ನಮ್ಮಲ್ಲಿ ಯಾರೂ ನಿಶ್ಚಯ ಮುರಿಯುವುದಿಲ್ಲ. ಹುಡುಗಿಯ ಕೈಗುಣ ಕೆಟ್ಟದ್ದೆಂದರೆ ಮುರಿಯುತ್ತಾರೆ.

ಅವ್ವ ಅವತ್ತು ಹಿಗ್ಗಿನಲ್ಲಿದ್ದಳು. "ಈಗ ನೋಡ್ರಿ ನನ್ನ ಮಗಳ ಕೈಯಾನ ಬಕ್ಲಾವಾ" ಎಂದು ಮೊದಲೇ ಹೇಳಿಬಿಟ್ಟಿದ್ದಳು. ನಾನು ಬೇಕರಿಗೆ ಹೋಗಿ ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ಮುಂದಿಟ್ಟುಕೊಂಡು, ಅದರಲ್ಲಿ ಇರುವಂತೆಯೇ ಮಾಡಿದೆ. ಬೇಯಿಸಿದೆ, ಪಾಕ ಸುರಿದೆ, ಆರಿದ ಮೇಲೆ ಕೊಯ್ದೆ. ಆ ಪುಡಿಯನ್ನು ಬಸಿಯಲ್ಲಿ ಹಾಕಿ ಅತ್ತೆಯ ಮುಂದೆ ಇಟ್ಟೆ.

ಅವರು ಮುಟ್ಟಲೂ ಇಲ್ಲ. "ಮದಲ ಚಲೋ ಆಗಿತ್ತು ಅಂದದ್ದು ಕಾಶಿಬಾಯಿ ಕೈದ ಇರಬೇಕು" ಎಂದರು. ಅವ್ವ ನನ್ನತ್ತ ಬಾಯಿ ಬಿಟ್ಟು ನೋಡಿದಳು. ಅಪ್ಪ ಬಸಿಯನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ಬೇಕೆಂದೇ ಮಾಡಿದ್ದೆಂದು ಅವರಿಗೆ ತಿಳಿಯಿತು. ಯಾಕೆಂದು ಕೇಳಲಿಲ್ಲ, ಇವತ್ತಿನ ತನಕ ಕೇಳಿಲ್ಲ. ಅತ್ತೆ ಎದ್ದು ಚಪ್ಪಲಿ ಮೆಟ್ಟುತ್ತ, "ನನ್ನ ಮಗಾ ದೊಡ್ಡ ಮನಸಿನಾಂವ, ಹೊಟ್ಟಿಗೆ ಹಾಕ್ಕೋತೀನಿ ಅಂದಾನ. ನನ್ನಿಂದ ಆಗೂದಿಲ್ಲ" ಎಂದರು. ನಿಶ್ಚಯದ ಉಂಗುರವನ್ನು ಅವತ್ತೇ ಕೊಟ್ಟು ಕಳಿಸಿದೆವು.

ನಿಮ್ಮ ಗುಟ್ಟು ನಿಮ್ಮ ಹತ್ತಿರವೇ ಇದೆ. ಅದನ್ನು ಉಳಿಸಿದ್ದು ನಿಮಗಾಗಿ ಎಂದು ತಿಳಿಯಬೇಡಿ. ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಾನು ಮಾಡಿದ ಬಕ್ಲಾವಾ ಕಾಶಿಬಾಯಿಯ ಹೆಸರಿನಲ್ಲಿ ಊರವರ ಮದುವೆಗಳಿಗೆ ಹೋಗುತ್ತಿದೆ. ಕಾಶಿಬಾಯಿಯ ಕೈಗುಣವನ್ನು ಎಲ್ಲರೂ ಹೊಗಳುತ್ತಾರೆ. ಅವರು ಮನೆಗೆ ಬಂದು ನನ್ನೆದುರು ತಲೆ ತಗ್ಗಿಸಿ ಕೂರುತ್ತಾರೆ.

ಇಷ್ರತ

*

ಗಜೇಂದ್ರಗಡ
24 ಫೆಬ್ರುವರಿ 2025

ಇಷ್ರತ,

ಊರಿಗೆ ಬಂದು ಹತ್ತು ದಿನವಾಯಿತು. ರೋಣದ ಬಸ್ಸು ಹತ್ತಿ ಬಂದು ನಿಮ್ಮಪ್ಪನ ಕಾಲು ಹಿಡಿಯಬೇಕೆಂದು ಒಮ್ಮೆ ಅನ್ನಿಸಿತು. ಬಂದು ಏನು ಹೇಳಲಿ ಎಂದು ಸುಮ್ಮನಾದೆ.

ನೀನು ಅವ್ವನಿಗೆ ಹೇಳಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಹೇಗೆ ಬರೆಯುವುದೋ ತಿಳಿಯದು. ಅವ್ವ ನರಗುಂದದಲ್ಲಿ ಬೇರೆ ಕಡೆ ಗೊತ್ತು ಮಾಡಿದ್ದಾಳೆ. ಹುಡುಗಿಯ ಹೆಸರು ಮುಬೀನಾ, ಮುಗ್ಧೆ, ಹೆಚ್ಚು ಮಾತಿಲ್ಲ. ಅವ್ವ ಆ ಮನೆಯವರಿಗೂ ಅದೇ ಪದ್ಧತಿಯ ಮಾತು ಹೇಳಿ ಬಂದಿದ್ದಾಳೆ. ಈ ಈದಿಗೆ ಬಕ್ಲಾವಾ ಮಾಡಿ ಕಳಿಸಬೇಕಂತೆ, ಹುಡುಗ ವಿಧಾನ ಬರೆದುಕೊಡುತ್ತಾನಂತೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಮೊದಲು ಕೊಯ್ಯಬೇಕೆಂಬುದು ಗೊತ್ತು. ಪಾಕ ಎಷ್ಟು ಗಟ್ಟಿ ಇರಬೇಕು, ಹಿಟ್ಟು ಎಷ್ಟು ಹೊತ್ತು ಇಡಬೇಕು, ಶಾಖ ಎಷ್ಟು, ಅದೆಲ್ಲ ನನಗೆ ನಿಜವಾಗಿಯೂ ಗೊತ್ತಿಲ್ಲ. ಉಸ್ತಾದನನ್ನು ಕೇಳಬೇಕೆಂದರೆ ಅವನು ತನ್ನ ದೇಶಕ್ಕೆ ಹೋದ. ನಿನ್ನನ್ನು ಬಿಟ್ಟು ಕೇಳಲು ನನಗೆ ಯಾರೂ ಇಲ್ಲ.

ಬರೆದುಕೊಡದಿದ್ದರೂ ಬೇಸರವಿಲ್ಲ.

ವಸೀಮ

*

ರೋಣ
1 ಮಾರ್ಚ್ 2025

ವಸೀಮ ಅವರಿಗೆ,

ನಿಮ್ಮ ಕಾಗದ ಹರಿದು ಒಲೆಗೆ ಹಾಕಿದೆ. ಆಮೇಲೆ ನರಗುಂದದಲ್ಲಿ ಆ ಹುಡುಗಿ ತಟ್ಟೆಯ ಮುಂದೆ ಚಾಕು ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು. ಬೇರೆ ಹಾಳೆಯಲ್ಲಿ ಎಲ್ಲವನ್ನೂ ಬರೆದು ಇದರೊಳಗೆ ಇಟ್ಟಿದ್ದೇನೆ. ಹಿಟ್ಟು, ತುಪ್ಪ, ಶಾಖ, ಪಾಕ, ಒಂದೂ ಬಿಟ್ಟಿಲ್ಲ. ಪಾಕವನ್ನು ಎಳೆ ಬರುವ ತನಕ ಕಾಯಿಸಬಾರದು, ಗಟ್ಟಿಯಾಗುತ್ತದೆ. ಕೊಯ್ಯುವ ಮಾತಿಗೆ ಕೆಳಗೆ ಗೆರೆ ಎಳೆದಿದ್ದೇನೆ.

ನಿಮ್ಮ ಅಕ್ಷರದಲ್ಲಿ ನಕಲು ಮಾಡಿ ಕೊಡಿ. ಇದು ನನ್ನದೆಂದು ಮುಬೀನಾಳಿಗೆ ಹೇಳಬೇಡಿ. ನನ್ನ ಕೈಗುಣದ ಸುದ್ದಿ ನರಗುಂದಕ್ಕೂ ಮುಟ್ಟಿರುತ್ತದೆ, ಪಾಪ, ಮಾಡಲು ಹೆದರುತ್ತಾಳೆ.

ಇಷ್ರತ